ಸದ್ದು ಕೇಳ್ತದೆ ಕಣವ್ವ, ಮಾತು ಕೇಳಾಕಿಲ್ಲ!

ಸುಂಕದಕಟ್ಟೆಯ ನಮ್ಮ ಚರ್ಚಿಗೆ ಹೊಸ ಸ್ಪೀಕರ್ ಬಂದ ಮೊದಲ ಭಾನುವಾರ ಅದು. ವೇದಿಕೆಯ ಎರಡೂ ಬದಿ ಆಳೆತ್ತರಕ್ಕೆ ನಿಲ್ಲಿಸಿದ ಕಪ್ಪು ಪೆಟ್ಟಿಗೆಗಳು, ಅವುಗಳ ಕೆಳಗೆ ವಾಷಿಂಗ್ ಮಷೀನಿನಷ್ಟು ದಪ್ಪದ ಎರಡು ಸಬ್‌ವೂಫರ್, ಹಿಂದಿನ ಮೂಲೆಯಲ್ಲಿ ಬಣ್ಣಬಣ್ಣದ ದೀಪ ಮಿನುಗಿಸುವ ಡಿಜಿಟಲ್ ಮಿಕ್ಸರ್. ಅದರ ಮುಂದೆ ನಾನು. ಕ್ವಾಯರ್‌ನವರು ಮೊದಲ ಹಾಡು ಎತ್ತುತ್ತಿದ್ದಂತೆ ಕಿಟಕಿಯ ಗಾಜು ಗುಂಯ್ ಎಂದಿತು. ಹುಡುಗರೆಲ್ಲ ಹಿಂತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ಡಿಪ್ಲೊಮಾ ಓದಿದ್ದು ಸಾರ್ಥಕವಾಯಿತು ಅಂತ ನನಗೆ ಮೊದಲ ಸಲ ಅನಿಸಿದ್ದು ಆವತ್ತೇ.

ಪ್ರಾರ್ಥನೆ ಮುಗಿದ ತಕ್ಷಣ ಕೊನೆಯ ಸಾಲಿಗೆ ಓಡಿದೆ. ಅಲ್ಲಿ ನಮ್ಮಜ್ಜಿ ಕೂತಿದ್ದಳು. ಮಾಗಡಿ ಕಡೆಯ ಹಳ್ಳಿಯಿಂದ ಬಂದು ಇಪ್ಪತ್ತು ವರ್ಷವಾದರೂ ಅವಳ ಮಾತು ಮಾತ್ರ ಅಲ್ಲಿಯದೇ. "ಹೆಂಗಿತ್ತಜ್ಜಿ ಹೊಸಾ ಮೈಕು?" ಅಂದೆ.

ಅಜ್ಜಿ ಸೆರಗಿನ ತುದಿಯಿಂದ ಕಿವಿ ಒರೆಸಿಕೊಂಡಳು. "ಎದೆ ನಡುಗ್ತು ಕಣವ್ವ. ಸದ್ದು ಚೆನ್ನಾಗಿ ಕೇಳ್ತದೆ. ಮಾತು ಕೇಳಾಕಿಲ್ಲ."

"ಅಯ್ಯನೋರು ಏನು ಪ್ರಸಂಗ ಮಾಡಿದ್ರು ಹೇಳು ನೋಡೋಣ?"

"ಯಾರಿಗೊತ್ತು? ಮೊದಲಿನ ಡಬ್ಬದಾಗೆ ಅರ್ಧನಾದ್ರೂ ತಿಳೀತಿತ್ತು."

ನಾನು ನಕ್ಕು ಸುಮ್ಮನಾದೆ. ವಯಸ್ಸಾಯಿತಲ್ಲ, ಕಿವಿ ಮಂದ ಅಂದುಕೊಂಡೆ. ಆದರೆ ಮೆಟ್ಟಿಲು ಇಳಿಯುವಾಗ ಹಿಂದಿನ ಸಾಲಿನ ಇನ್ನಿಬ್ಬರು ಆಂಟಿಯರು ಅದನ್ನೇ ಬೇರೆ ಮಾತಲ್ಲಿ ಹೇಳಿದರು. ಆಗ ಹೊಟ್ಟೆಯೊಳಗೆ ಏನೋ ಕಲಸಿದಂತಾಯಿತು. ಯಾಕೆಂದರೆ ಆ ಸ್ಪೀಕರ್ ತರಿಸಿದ್ದು ನಾನು.

ಸಲಹೆ ಕೊಟ್ಟ ಪಂಡಿತೆ

ಮಾಗಡಿ ರಸ್ತೆಯಿಂದ ಒಳಗೆ ನಾಲ್ಕು ತಿರುವು ದಾಟಿದರೆ ನಮ್ಮ ಚರ್ಚು. ಗೋಪುರ, ಬಣ್ಣದ ಗಾಜು ಯಾವುದೂ ಇಲ್ಲ. ಕೆಳಗೆ ಲೇತ್ ಮಷೀನಿನ ವರ್ಕ್‌ಶಾಪು, ಮೇಲೆ ಆರ್‌ಸಿಸಿ ಹಾಲು. ನೂರು ಪ್ಲಾಸ್ಟಿಕ್ ಕುರ್ಚಿ. ಬರುವವರಲ್ಲಿ ಹೆಚ್ಚಿನವರು ಪೀಣ್ಯ, ಹೆಗ್ಗನಹಳ್ಳಿ ಸುತ್ತಲಿನ ಗಾರ್ಮೆಂಟ್ಸ್ ಮತ್ತು ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವವರು. ನನ್ನಮ್ಮನೂ ಟೈಲರ್, ಕಾಲರ್ ಹೊಲಿಯುವ ಸಾಲಿನಲ್ಲಿ.

ನಾನು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಡಿಪ್ಲೊಮಾ ಮುಗಿಸಿ ಎಂಟು ತಿಂಗಳಾಗಿತ್ತು. ಹನ್ನೊಂದು ಕಡೆ ಇಂಟರ್‌ವ್ಯೂ, ಹನ್ನೊಂದು ಕಡೆಯೂ "ತಿಳಿಸ್ತೀವಿ". ಕೆಲಸವಿಲ್ಲದ ಹುಡುಗಿಗೆ ಮನೆಯಲ್ಲಿ, ಬೀದಿಯಲ್ಲಿ ಎಷ್ಟು ಸಲಹೆ ಸಿಗುತ್ತದೆ ಅಂತ ನಿಮಗೆ ಬೇರೆ ಹೇಳಬೇಕಿಲ್ಲ. ಅಂಥ ಹೊತ್ತಲ್ಲಿ ಪಾಸ್ಟರ್ ಅಯ್ಯನವರು ನನ್ನನ್ನು ಕಮಿಟಿಗೆ ಕರೆದು, "ನೀನು ಇ ಅಂಡ್ ಸಿ ಅಲ್ವೇನಮ್ಮ, ಯಾವ ಸೆಟ್ ತಗೋಬೇಕು ನೀನೇ ಹೇಳು" ಅಂದರು. ಯಾರೋ ನನ್ನನ್ನು ಕೇಳಿದರಲ್ಲ! ಆ ಖುಷಿಯಲ್ಲಿ "ಗೊತ್ತಿಲ್ಲ, ಓದಿ ಹೇಳ್ತೀನಿ" ಎನ್ನುವ ಒಂದು ವಾಕ್ಯ ನನ್ನ ಬಾಯಿಂದ ಬರಲಿಲ್ಲ.

ಡಿಪ್ಲೊಮಾದಲ್ಲಿ ಆಂಪ್ಲಿಫೈಯರ್ ಸರ್ಕ್ಯೂಟ್ ಬರೆದಿದ್ದೆ, ಮಾಡ್ಯುಲೇಷನ್ ಓದಿದ್ದೆ. ಒಂದು ಕೋಣೆಯಲ್ಲಿ ಶಬ್ದ ಹೇಗೆ ಓಡಾಡುತ್ತದೆ ಅಂತ ಯಾವ ಸೆಮಿಸ್ಟರಿನಲ್ಲೂ ಇರಲಿಲ್ಲ. ಯೂಟ್ಯೂಬಿನಲ್ಲಿ ಅಮೆರಿಕ, ಆಸ್ಟ್ರೇಲಿಯಾದ ದೊಡ್ಡ ಚರ್ಚುಗಳ ವಿಡಿಯೊ ನೋಡಿದೆ. ಹೊಗೆ, ಬೆಳಕು, ಗೋಡೆಯಷ್ಟಗಲ ಎಲ್‌ಇಡಿ ಪರದೆ, ಛಾವಣಿಯಿಂದ ಬಾಳೆಗೊನೆಯಂತೆ ತೂಗುವ ಸ್ಪೀಕರ್ ಸಾಲು. ನಮಗೂ ಅಂಥದ್ದೇ ಚಿಕ್ಕದಾಗಿ ಬೇಕು ಅನ್ನಿಸಿತು. ಅಂಗಡಿಯವನು, "ಮೇಡಂ, ಇದನ್ನ ಹಾಕಿದ್ರೆ ರೋಡ್‌ವರೆಗೂ ಕೇಳುತ್ತೆ" ಅಂದ. ನಾನು ತಲೆಯಾಡಿಸಿದೆ.

ಒಟ್ಟು ₹3.4 ಲಕ್ಷ. ಎರಡು ವರ್ಷ ಕೂಡಿಟ್ಟ ಕಾಣಿಕೆ. ಅದರಲ್ಲಿ ₹5,000 ಅಮ್ಮನ ಬೋನಸ್ಸು. ನನ್ನ ಒಂದು ಚೂಡಿದಾರಕ್ಕೆ ಎರಡು ಸಲ ಯೋಚಿಸುವ ಅಮ್ಮ, "ನನ್ನ ಮಗಳು ಹೇಳಿದ್ದು" ಅಂತ ಒಂದೇ ಮಾತಿಗೆ ಕೊಟ್ಟಿದ್ದಳು.

ರಾತ್ರಿ ದಿಂಬು ಹೊತ್ತ ಮೇಷ್ಟ್ರು

ಮುಂದಿನ ಎರಡು ಭಾನುವಾರ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಕೇಳುತ್ತಿಲ್ಲ ಅಂದರೆ ವಾಲ್ಯೂಮ್ ಏರಿಸುವುದು. ಏರಿಸಿದಷ್ಟೂ ಮುಂದಿನವರು ಕಿವಿ ಮುಚ್ಚಿಕೊಂಡರು, ಹಿಂದಿನವರಿಗೆ ಗದ್ದಲ ಹೆಚ್ಚಾಯಿತು, ಮೈಕು ಕುಂಯ್ ಅಂತ ಕೂಗತೊಡಗಿತು. ಎದುರು ಮನೆಯವರು ಬಂದು, "ಮಗಳಿಗೆ ಪಿಯುಸಿ ಪರೀಕ್ಷೆ ಇದೆ, ಸ್ವಲ್ಪ ನೋಡ್ಕೊಳ್ಳಿ" ಅಂತ ಮೆಲ್ಲಗೆ ಹೇಳಿ ಹೋದರು.

ಆಮೇಲೆ ಓದಲು ಕೂತೆ. ಮೊದಲು ಕಣ್ಣಿಗೆ ಬಿದ್ದದ್ದು ವಾಲೆಸ್ ಕ್ಲೆಮೆಂಟ್ ಸಬೀನ್ ಎನ್ನುವ ಹೆಸರು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸದಾಗಿ ಕಟ್ಟಿದ ಫಾಗ್ ಮ್ಯೂಸಿಯಂನಲ್ಲಿ ಒಂದು ಉಪನ್ಯಾಸ ಕೊಠಡಿ ಇತ್ತು. ಅಲ್ಲಿ ಮೇಷ್ಟ್ರು ಆಡಿದ ಒಂದು ಪದ ಐದೂವರೆ ಸೆಕೆಂಡ್ ಗುಂಯ್‌ಗುಡುತ್ತಿತ್ತಂತೆ. ಅಷ್ಟರಲ್ಲಿ ಅವರು ಇನ್ನೂ ಹತ್ತು ಹನ್ನೆರಡು ಪದ ಆಡಿರುತ್ತಿದ್ದರು. ಒಂದರ ಮೇಲೊಂದು ಬಿದ್ದು ಎಲ್ಲ ಕಲಸುಮೇಲೋಗರ. ಇದನ್ನು ಸರಿಮಾಡು ಅಂತ ಒಪ್ಪಿಸಿದ್ದು 27ರ ಹರೆಯದ ಸಬೀನ್‌ಗೆ. ಅವರು ಧ್ವನಿತಜ್ಞರೇನೂ ಆಗಿರಲಿಲ್ಲ. ಹಗಲಲ್ಲಿ ಗದ್ದಲವೆಂದು ರಾತ್ರಿಯೇ ಕೆಲಸ. ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನದ ದಿಂಬುಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಹರಡುವುದು, ಆರ್ಗನ್ ಕೊಳವೆ ಊದಿಸಿ ನಿಲ್ಲಿಸುವುದು, ಸದ್ದು ಅಡಗುವವರೆಗೆ ಗಡಿಯಾರದಲ್ಲಿ ಅಳೆಯುವುದು, ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ ಇಡುವುದು. ಹೀಗೆ ಹುಟ್ಟಿದ ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಆ ಸೂತ್ರದ ನೆರವಿನಿಂದ ಕಟ್ಟಿದ್ದು.

ಸೂತ್ರ ಸರಳ. ಕೋಣೆಯ ಘನಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಕೋಣೆಯಲ್ಲಿರುವ ವಸ್ತುಗಳು ಒಟ್ಟು ಎಷ್ಟು ಶಬ್ದ ಹೀರುತ್ತವೋ ಅದರಿಂದ ಭಾಗಿಸಿ. ಸದ್ದು 60 ಡೆಸಿಬೆಲ್‌ನಷ್ಟು ಇಳಿಯಲು ಹಿಡಿಯುವ ಕಾಲ ಸಿಗುತ್ತದೆ. ಮಾತು ಸ್ಪಷ್ಟವಾಗಿರಬೇಕಾದರೆ ನಮ್ಮಂಥ ಹಾಲಿಗೆ ಅದು ಸುಮಾರು 1 ಸೆಕೆಂಡ್ ಇದ್ದರೆ ಚೆನ್ನ.

ಟೇಪು ಹಿಡಿದು ಅಳೆದೆ. 18 ಮೀಟರ್ ಉದ್ದ, 9 ಮೀಟರ್ ಅಗಲ, 4 ಮೀಟರ್ ಎತ್ತರ. ಅಂದರೆ 648 ಘನ ಮೀಟರ್. ನುಣ್ಣನೆಯ ಪ್ಲಾಸ್ಟರ್ ಗೋಡೆ, ವಿಟ್ರಿಫೈಡ್ ಟೈಲ್ಸ್ ನೆಲ, ಕಾಂಕ್ರೀಟ್ ಛಾವಣಿ. ಬಿದ್ದ ಶಬ್ದದಲ್ಲಿ ನೂರಕ್ಕೆ ಐದರಷ್ಟನ್ನೂ ಹೀರದ ಗಟ್ಟಿ ಮೈಗಳು. ಲೆಕ್ಕ ಹಾಕಿದರೆ ಖಾಲಿ ಹಾಲಿಗೆ ಹತ್ತಿರಹತ್ತಿರ 4 ಸೆಕೆಂಡ್! ನೂರು ಜನ ತುಂಬಿದಾಗ ಅವರ ಬಟ್ಟೆ, ಮೈ ಎಲ್ಲ ಹೀರಿಕೊಂಡು ಒಂದೂವರೆಗೆ ಇಳಿಯುತ್ತದೆ. ಅಜ್ಜಿ ಕೂರುವ ಜಾಗದಲ್ಲಿ ಅದೂ ಸಾಲದು.

ಇನ್ನೊಂದು ಲೆಕ್ಕವೂ ಇದೆ. ಸ್ಪೀಕರಿನಿಂದ ದೂರ ಎರಡು ಪಟ್ಟಾದ ಹಾಗೆಲ್ಲ ನೇರವಾಗಿ ಬರುವ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 2 ಮೀಟರ್ ದೂರದ ಮುಂದಿನ ಸಾಲಿಗೂ 16 ಮೀಟರ್ ದೂರದ ಕೊನೆಯ ಸಾಲಿಗೂ 18 ಡೆಸಿಬೆಲ್ ಅಂತರ. ಆದರೆ ಗೋಡೆಗಳಿಂದ ಪುಟಿದ ಪ್ರತಿಧ್ವನಿ ಹಾಲಿನ ತುಂಬ ಒಂದೇ ಸಮ ಹರಡಿರುತ್ತದೆ. ಹಾಗಾಗಿ ಅಜ್ಜಿಯ ಕಿವಿಗೆ ನೇರ ಮಾತಿಗಿಂತ ಗೋಡೆಯ ಮಾತೇ ಜಾಸ್ತಿ. ನಾನು ವಾಲ್ಯೂಮ್ ಏರಿಸಿದಾಗ ಎರಡೂ ಒಟ್ಟಿಗೆ ಏರುತ್ತಿದ್ದವು. ₹3.4 ಲಕ್ಷ ಕೊಟ್ಟು ನಾನು ಗೋಡೆಗೆ ಗಟ್ಟಿಯಾಗಿ ಮಾತಾಡಲು ಕಲಿಸಿದ್ದೆ!

ಪಾಪ, ತಾಪ, ಶಾಪ

ಅಜ್ಜಿಯ ಮಾತಿನ ಅರ್ಥ ಪೂರ್ತಿಯಾಗಿ ಬಿಡಿಸಿಕೊಂಡದ್ದು ಇನ್ನೂ ಸ್ವಲ್ಪ ಓದಿದ ಮೇಲೆ. ನಮ್ಮ ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು. ಅವು ಕೆಳಗಿನ ಕಂಪನಾಂಕದಲ್ಲಿರುತ್ತವೆ. ಸ, ಶ, ತ, ಪ ತರಹದ ವ್ಯಂಜನಗಳು ಬಲಹೀನ, ಕ್ಷಣಿಕ. ಅವುಗಳ ಗುರುತು ಹೆಚ್ಚಾಗಿ ಮೇಲಿನ ಕಂಪನಾಂಕಗಳಲ್ಲಿರುತ್ತದೆ. ಅರ್ಥ ನಿಂತಿರುವುದು ಮಾತ್ರ ವ್ಯಂಜನದ ಮೇಲೆ. ಪಾಪ, ತಾಪ, ಶಾಪ ಅಂತ ಹೇಳಿ ನೋಡಿ. ಮೊದಲ ವ್ಯಂಜನ ಅಳಿಸಿಹೋದರೆ ಮೂರೂ "ಆಪ". ಪ್ರಸಂಗದಲ್ಲಿ ಪಾಪದ ಜಾಗದಲ್ಲಿ ಶಾಪ ಕೇಳಿಸಿದರೆ ಗತಿಯೇನು? ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಕಂಪನಾಂಕಗಳನ್ನೇ. ಸಬ್‌ವೂಫರ್ ಕೊಡುವುದು ತೀರಾ ಕೆಳಗಿನವನ್ನು. ಅಂದರೆ ಅಜ್ಜಿಗೆ ಬೇಡದ್ದನ್ನು ಧಾರಾಳವಾಗಿ ಬಡಿಸಿದ್ದೆ. ನೆದರ್ಲೆಂಡ್ಸ್‌ನ ಪ್ಯೂಟ್ಸ್ ಎಂಬ ತಜ್ಞರು 1971ರಲ್ಲೇ, ಕೋಣೆಯಲ್ಲಿ ಎಷ್ಟು ವ್ಯಂಜನ ಕಳೆದುಹೋಗುತ್ತದೆ ಎನ್ನುವುದರ ಮೇಲೆ ಅದರ ಗುಣ ಅಳೆಯುವ ವಿಧಾನ ಕೊಟ್ಟಿದ್ದಾರೆ.

ನಾನೂ ಒಂದು ಪರೀಕ್ಷೆ ಮಾಡಿದೆ. ನೀವೂ ನಿಮ್ಮ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಮಾಡಬಹುದು, ಖರ್ಚಿಲ್ಲ. ಒಂದೇ ಥರ ಕೇಳುವ 20 ಪದ ಬರೆದುಕೊಂಡೆ. ಕಮಿಟಿಯವರೂ ಸೇರಿ ಹತ್ತು ಜನರನ್ನು ಕೊನೆಯ ಎರಡು ಸಾಲಿನಲ್ಲಿ ಕೂರಿಸಿ ಚೀಟಿ, ಪೆನ್ನು ಕೊಟ್ಟೆ. ಗೆಳತಿ ಮೈಕಿನಲ್ಲಿ ಒಂದೊಂದೇ ಪದ ಓದಿದಳು. ಸರಾಸರಿ 11 ಸರಿ. ಅಜ್ಜಿ ಬಾಯಲ್ಲಿ ಹೇಳಿದ್ದು 6.

ಚೀಟಿ ತಿದ್ದಿ ಮುಗಿಸಿ ಎದ್ದು ನಿಂತೆ. ಕೈ ನಡುಗುತ್ತಿತ್ತು. "ಸ್ಪೀಕರ್ ತರಿಸಿದ್ದು ತಪ್ಪಾಯ್ತು. ಮೊದಲು ಹಾಲನ್ನ ನೋಡ್ಬೇಕಿತ್ತು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಹೇಳಲೂ ಇಲ್ಲ" ಅಂದೆ. ಯಾರೂ ಮಾತಾಡಲಿಲ್ಲ. ಫ್ಯಾನಿನ ಸದ್ದೊಂದೇ. ಒಬ್ಬರು ಹಿರಿಯರು ಎದ್ದು, "ಜನರ ದುಡ್ಡು ಕಣಮ್ಮ ಅದು" ಅಂದು ಕೆಳಗಿಳಿದು ಹೋದರು. ಬೈದಿದ್ದರೆ ವಾಸಿಯಿತ್ತು. ಮನೆಗೆ ಬಂದ ಮೇಲೆ ಅಮ್ಮ ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ.

ಮರುದಿನ ಅಂಗಡಿಗೆ ಹೋಗಿ ಕೇಳಿದೆ. ಬಿಚ್ಚಿದ ಮಾಲು ವಾಪಸ್ ಇಲ್ಲ ಅಂದರು. ಎರಡು ಸಬ್‌ವೂಫರ್‌ಗಳನ್ನು ಒಂದು ಆರ್ಕೆಸ್ಟ್ರಾದವರಿಗೆ ಅರ್ಧ ಬೆಲೆಗೆ ಮಾರಿದೆವು. ಹೋದ ಅರ್ಧ ಹೋಯಿತು. ನಮ್ಮೂರಿನ ಹೆಸರಲ್ಲೇ ಸುಂಕವಿದೆ ನೋಡಿ. ಕಲಿಕೆಯ ಸುಂಕವನ್ನು ನಾನೂ ಕಟ್ಟಿದೆ, ಬೇರೆಯವರ ಜೇಬಿನಿಂದ.

ಅಮ್ಮಂದಿರು ಹೊಲಿದ ಗೋಡೆ

ಸಬ್‌ವೂಫರ್ ಮಾರಿ ಬಂದ ದುಡ್ಡಿನಲ್ಲಿ ₹32,000 ಕೊಡಿ ಅಂತ ಪಾಸ್ಟರ್ ಅಯ್ಯನವರನ್ನು ಕೇಳಿದೆ. ಈ ಸಲ ಕಾಗದದ ಮೇಲೆ ಲೆಕ್ಕ ಬರೆದು ಒಯ್ದಿದ್ದೆ. ಅವರು ಎರಡು ಸಲ ಓದಿ ಒಪ್ಪಿದರು.

4 ಅಡಿ ಉದ್ದ, 2 ಅಡಿ ಅಗಲದ ಮರದ ಚೌಕಟ್ಟು, ಒಳಗೆ 2 ಇಂಚು ದಪ್ಪದ ರಾಕ್‌ವೂಲ್ ಹಲಗೆ, ಮೇಲೆ ಗಾಳಿಯಾಡುವ ಬಟ್ಟೆ. ಇಂಥ 56 ಫಲಕ. ಚೌಕಟ್ಟು ಹೊಡೆದದ್ದು ಸಭೆಯ ಬಡಗಿ ಅಣ್ಣ. ಬಟ್ಟೆ? ಅದಕ್ಕೆ ನಮ್ಮಲ್ಲಿ ಬರವಿಲ್ಲ! ಮೂರು ಶನಿವಾರ ರಾತ್ರಿ ಅಮ್ಮ ಮತ್ತು ಅವಳ ಜೊತೆಯ ಹೆಂಗಸರು ಮನೆಯ ಮಷೀನಿನಲ್ಲಿ ಹೊದಿಕೆ ಹೊಲಿದರು. ರಾಕ್‌ವೂಲ್ ಮುಟ್ಟಿದರೆ ಮೈ ತುರಿಕೆ, ಪುಡಿ ಗಂಟಲಿಗೆ ಹೋಗಬಾರದು. ಅದಕ್ಕೆ ಕೈಗವಸು, ಮಾಸ್ಕ್ ಹಾಕಿಕೊಂಡೆವು. "ಮೊಟ್ಟೆ ಟ್ರೇ ಅಂಟಿಸಿದ್ರೆ ಸಾಕಲ್ವಾ?" ಅಂತ ಒಬ್ಬರು ಕೇಳಿದರು. ಇದನ್ನು ತುಂಬ ಜನ ನಂಬಿದ್ದಾರೆ. ಟ್ರೇ ಶಬ್ದ ಹೀರುವುದು ಅಷ್ಟಕ್ಕಷ್ಟೆ, ಬೆಂಕಿ ಹಿಡಿಯುವುದು ಮಾತ್ರ ಬೇಗ. ಜನ ಸೇರುವ ಜಾಗದಲ್ಲಿ ಅದೂ ಬೇಡ, ಥರ್ಮಾಕೋಲೂ ಬೇಡ.

ಫಲಕಗಳನ್ನು ಮೊದಲು ಹಿಂಗೋಡೆಗೆ, ಆಮೇಲೆ ಪಕ್ಕದ ಗೋಡೆಗಳ ಮೇಲ್ಭಾಗಕ್ಕೆ, ಗೋಡೆಯಿಂದ 2 ಇಂಚು ಮುಂದೆ ಬರುವಂತೆ ಹಾಕಿದೆವು. ಆ ಸಂದು ಇದ್ದರೆ ಕೆಳ ಕಂಪನಾಂಕವೂ ಇನ್ನಷ್ಟು ಹೀರಲ್ಪಡುತ್ತದೆ. ಜನ ತುಂಬಿದ ಹಾಲಿನ ಲೆಕ್ಕ ಈಗ 1 ಸೆಕೆಂಡಿನ ಹತ್ತಿರಕ್ಕೆ ಬಂತು.

ಇನ್ನು ದೂರದ ಸಮಸ್ಯೆ. ಸ್ಟೋರ್ ರೂಮಿನಲ್ಲಿ ಅಜ್ಜಿ "ಡಬ್ಬ" ಎಂದ ಹಳೆಯ ಕಾಲಮ್ ಸ್ಪೀಕರ್‌ಗಳು ಧೂಳು ತಿನ್ನುತ್ತಿದ್ದವು. ಸಣ್ಣ ಸಣ್ಣ ಸ್ಪೀಕರ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಉದ್ದನೆಯ ಪೆಟ್ಟಿಗೆ ಅದು. ಈ ಜೋಡಣೆಯಿಂದ ಸದ್ದು ಛಾವಣಿಗೂ ನೆಲಕ್ಕೂ ಚೆಲ್ಲದೆ ಕೂತವರ ಕಿವಿಯ ಮಟ್ಟದಲ್ಲಿ ಹರಡುತ್ತದೆ. ನಾನು ಗುಜರಿ ಎಂದುಕೊಂಡದ್ದು ಮಾತಿಗೆಂದೇ ಮಾಡಿದ ಸಾಧನ! 1950ರ ದಶಕದ ಆರಂಭದಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ದೊಡ್ಡ ಗುಮ್ಮಟದಡಿ ಮಾತು ಕೇಳಿಸಲು ಪಾರ್ಕಿನ್ ಮತ್ತು ಟೇಲರ್ ಬಳಸಿದ್ದೂ ಕಾಲಮ್‌ಗಳನ್ನೇ. ಹಿಂದಿನ ಸ್ಪೀಕರಿಗೆ ಧ್ವನಿಯನ್ನು ತುಸು ತಡಮಾಡಿ ಕಳಿಸಲು ಅವರು ತಿರುಗುವ ಕಾಂತೀಯ ತಟ್ಟೆ ಇಟ್ಟಿದ್ದರು.

ಯಾಕೆ ತಡ? ವಿದ್ಯುತ್ತು ತಂತಿಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ, ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ. ನಮ್ಮ ಹಾಲಿನ ನಡುವೆ, ಮುಂದಿನ ಸ್ಪೀಕರಿನಿಂದ 10 ಮೀಟರ್ ಹಿಂದೆ ಕಾಲಮ್ ಇಟ್ಟರೆ, ಮುಂದಿನ ಸದ್ದು ಅಲ್ಲಿಗೆ ಬರಲು 29 ಮಿಲಿಸೆಕೆಂಡ್ ಬೇಕು. ಕಾಲಮನ್ನು ಅಷ್ಟು ತಡಮಾಡದಿದ್ದರೆ ಒಂದೇ ಪದ ಎರಡು ಸಲ ಬಂದು ಮಸುಕಾಗುತ್ತದೆ. ಅದರ ಮೇಲೆ ಇನ್ನೊಂದು 10 ಮಿಲಿಸೆಕೆಂಡ್ ಸೇರಿಸಿದರೆ ಮಜಾ ನೋಡಿ: ಸದ್ದು ಪಕ್ಕದ ಕಾಲಮ್‌ನಿಂದ ಬರುತ್ತಿದ್ದರೂ ಪಾಸ್ಟರ್ ಬಾಯಿಂದಲೇ ಬಂದಂತೆ ಕಿವಿ ನಂಬುತ್ತದೆ. ಮೊದಲು ಬಂದ ಸದ್ದಿನ ದಿಕ್ಕನ್ನೇ ಮಿದುಳು ಹಿಡಿಯುತ್ತದೆ ಅಂತ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ್ದು ಇದನ್ನೇ. ಸೇಂಟ್ ಪಾಲ್ಸ್‌ನಲ್ಲಿ ಯಂತ್ರ ಬೇಕಾಗಿದ್ದ ಕೆಲಸ ನಮ್ಮ ಮಿಕ್ಸರಿನಲ್ಲಿ ಒಂದು ಸಂಖ್ಯೆ ಒತ್ತಿದರೆ ಮುಗಿಯಿತು.

ಉಳಿದದ್ದು ಪುಕ್ಕಟೆ. ಪಾಸ್ಟರ್ ಮೈಕನ್ನು ಒಂದು ಅಡಿ ದೂರ ಹಿಡಿಯುತ್ತಿದ್ದರು. ಅರ್ಧ ಅಡಿಗೆ ತಂದರೆ 6 ಡೆಸಿಬೆಲ್ ಲಾಭ. ಹಾಡದಿರುವಾಗ ಕ್ವಾಯರ್ ಮೈಕುಗಳು ಬಂದ್. ಮಾತಿನ ಮೈಕಿಗೆ 100 ಹರ್ಟ್ಸ್‌ನ ಕೆಳಗಿನದೆಲ್ಲ ಕತ್ತರಿ. ಪ್ರಸಂಗಕ್ಕೊಂದು, ಹಾಡಿಗೊಂದು ಜೋಡಣೆ ಉಳಿಸಿಟ್ಟು ಗುಂಡಿ ಒತ್ತಿದರೆ ಬದಲಾಗುವಂತೆ ಮಾಡಿದೆ. ಡಿಜಿಟಲ್ ಮಿಕ್ಸರಿನ ನಿಜವಾದ ಉಪಯೋಗ ಇದು. ವಾಲ್ಯೂಮ್ ಕಡಿಮೆಯಾಗಿ ಎದುರು ಮನೆಯವರಿಗೂ ನೆಮ್ಮದಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ. ಹಾಲಿನೊಳಗಿನ ಮಾತು ಹಾಲಿನೊಳಗೇ ಸ್ಪಷ್ಟವಾದರೆ ಅದು ಬೀದಿಗೆ ಹೋಗಬೇಕಾದ ಅಗತ್ಯವೇ ಇಲ್ಲ.

ಪರದೆಯ ಮೇಲೆ ಒಡೆದ ಒತ್ತಕ್ಷರ

ವಿಡಿಯೊ ಕಥೆಯೂ ಹೆಚ್ಚು ಬೇರೆಯಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ದೊಡ್ಡ ಚರ್ಚು, ಸಣ್ಣ ಚರ್ಚು ಅನ್ನದೆ ಎಲ್ಲರೂ ಒಂದೇ ವಾರದಲ್ಲಿ ಟಿವಿ ಚಾನೆಲ್ ಆಗಬೇಕಾಯಿತು. ನಾವು ಕುರ್ಚಿಗೆ ಮೊಬೈಲ್ ಕಟ್ಟಿ ಲೈವ್ ಮಾಡಿದೆವು. ಮಸ್ಕತ್‌ನಲ್ಲಿರುವ ಚಿಕ್ಕಪ್ಪ ಫೋನ್ ಮಾಡಿ, "ಮುಖ ಕಾಣುತ್ತೆ, ಬಾವಿಯೊಳಗಿಂದ ಮಾತಾಡಿದ ಹಾಗಿದೆ" ಅಂದಿದ್ದರು. ಆಗ ನಾನು ನೆಟ್‌ವರ್ಕ್ ಸರಿಯಿಲ್ಲ ಅಂದಿದ್ದೆ. ಅದೂ ಹಾಲಿನ ಗೋಡೆಯೇ ಅಂತ ಈಗ ಗೊತ್ತು. ಮೊಬೈಲಿನ ಮೈಕು ಇಪ್ಪತ್ತು ಅಡಿ ದೂರದಲ್ಲಿತ್ತು.

ಈಗ ಮಿಕ್ಸರಿನ ಬೇರೊಂದು ಔಟ್‌ಪುಟ್‌ನಿಂದ ನೇರ ಲ್ಯಾಪ್‌ಟಾಪಿಗೆ ಧ್ವನಿ ಹೋಗುತ್ತದೆ. ತಂತ್ರಾಂಶ ಒಬಿಎಸ್ ಸ್ಟುಡಿಯೊ, ಪೂರ್ತಿ ಉಚಿತ. ಕ್ಯಾಮೆರಾದ ಚಿತ್ರ ಲ್ಯಾಪ್‌ಟಾಪಿಗೆ ಬರುವಷ್ಟರಲ್ಲಿ ತುಸು ಹಿಂದೆ ಬೀಳುವುದರಿಂದ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆದು, ರೆಕಾರ್ಡಿಂಗ್ ನೋಡಿ, ಧ್ವನಿಯನ್ನು ಅಷ್ಟೇ ತಡಮಾಡಬೇಕು. ಸಭೆಯವರ ಹಾಡು ಕೇಳಿಸಲು ಹಾಲಿನ ಮಧ್ಯೆ ಒಂದು ಮೈಕು. ಅದು ಲೈವ್‌ಗೆ ಮಾತ್ರ, ಸ್ಪೀಕರಿಗಿಲ್ಲ.

ಹೆಚ್ಚು ಸತಾಯಿಸಿದ್ದು ನಮ್ಮ ಕನ್ನಡ. ಕ್ವಾಯರ್ ಲೀಡರ್ ವರ್ಷಗಟ್ಟಲೆ ಕೂತು ಹಾಡುಗಳನ್ನೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು. ಪರದೆಗೆ ಹಾಡು ಬಿಡುವ ಹೊಸ ತಂತ್ರಾಂಶಕ್ಕೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿ, ಸಾಲುಸಾಲು ತಿದ್ದಿದೆವು. ಆದರೂ ಒಂದು ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು "ಸ್ತೋತ್ರ"ದ ಕೊಂಬು ಕಾಲು ಎಲ್ಲ ಬೇರೆಬೇರೆ ಬಿದ್ದವು. ಅದನ್ನು ಬಿಟ್ಟು ಬೇರೆಯದಕ್ಕೆ ಹೋದೆವು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು, ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಹಾಗಾಗಿ ಒಂದು ಪರದೆಗೆ ನಾಲ್ಕೇ ಸಾಲು, ದೊಡ್ಡ ಅಕ್ಷರ. ಎಲ್‌ಇಡಿ ಗೋಡೆಯ ಆಸೆ ಅಲ್ಲಿಗೇ ಬಿಟ್ಟೆ. ಪ್ರೊಜೆಕ್ಟರಿಗೆ ಒಂದು ಕಪ್ಪು ಕರ್ಟನ್ ಸಾಕಾಯಿತು.

ಕಾಣದ ಕೈಗಳ ಕೆಲಸ

ಹನ್ನೆರಡನೇ ಇಂಟರ್‌ವ್ಯೂ ಒಂದು ಆಡಿಯೊ–ವಿಡಿಯೊ ಅಳವಡಿಕೆ ಕಂಪನಿಯದು. "ನೀವು ಮಾಡಿದ ಒಂದು ದೊಡ್ಡ ತಪ್ಪು ಹೇಳಿ" ಅಂದರು. ಹಿಂದಿನ ಸಲಗಳಾದರೆ "ನಾನು ತುಂಬ ಪರ್ಫೆಕ್ಷನಿಸ್ಟ್" ಅಂತ ಬಾಯಿಪಾಠ ಒಪ್ಪಿಸುತ್ತಿದ್ದೆ. ಈ ಸಲ ₹3.4 ಲಕ್ಷದ ಕಥೆ ಹೇಳಿದೆ, ಪದಪಟ್ಟಿ ತೋರಿಸಿದೆ. ಟ್ರೈನಿ ಅಂತ ತೆಗೆದುಕೊಂಡರು.

ಈ ಕ್ಷೇತ್ರದಲ್ಲಿ ಕೆಲಸವಿದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ಕಾಲೇಜು ಸಭಾಂಗಣ, ಆಫೀಸಿನ ಮೀಟಿಂಗ್ ರೂಮು, ಕಲ್ಯಾಣ ಮಂಟಪ, ಪ್ರವಚನ ಮಂದಿರ, ಚರ್ಚು, ಎಲ್ಲ ಕಡೆ ಇದೇ ಧ್ವನಿ, ಇದೇ ಪರದೆ. ಧ್ವನಿ ಈಗ ನೆಟ್‌ವರ್ಕ್ ಕೇಬಲಿನಲ್ಲಿ ಓಡಾಡುತ್ತದೆ. ಡಾಂಟೆ ಎಂಬ ತಂತ್ರಜ್ಞಾನದಲ್ಲಿ ನೂರಾರು ಚಾನೆಲ್‌ಗಳನ್ನು ಒಂದೇ ಕೇಬಲಿನಲ್ಲಿ ಕಳಿಸಬಹುದು. ಹಾಗಾಗಿ ಐಪಿ ಅಡ್ರೆಸ್, ಸ್ವಿಚ್ ಗೊತ್ತಿರುವ ಕಂಪ್ಯೂಟರ್ ಸೈನ್ಸ್‌ನವರಿಗೂ ಜಾಗವಿದೆ. ಡಾಂಟೆಯ ಪ್ರಮಾಣಪತ್ರ ತರಬೇತಿ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಧ್ವನಿಗ್ರಹಣದ ಡಿಪ್ಲೊಮಾ ಇದೆ. ಬೆಸುಗೆ ಹಾಕಲು, ಕೇಬಲಿಗೆ ಹೆಸರು ಚೀಟಿ ಅಂಟಿಸಲು, ನಕ್ಷೆ ಓದಲು ಮೊದಲು ಕಲಿಯಿರಿ.

ಕಷ್ಟವನ್ನೂ ಹೇಳಿಬಿಡುತ್ತೇನೆ. ಆರಂಭದ ಸಂಬಳ ದೊಡ್ಡದಲ್ಲ. ಊರಿಗೆಲ್ಲ ಹಬ್ಬವಾದ ದಿನ ನಮಗೆ ಡ್ಯೂಟಿ. ಏಣಿ ಹತ್ತಬೇಕು, ಭಾರ ಹೊರಬೇಕು. "ಹುಡುಗಿ ಕೇಬಲ್ ಎಳೀತಾಳಾ?" ಅಂತ ಸೈಟಿನಲ್ಲಿ ಕೇಳುವವರು ಇವತ್ತಿಗೂ ಇದ್ದಾರೆ. ಕಿವಿ ನಮ್ಮ ಬಂಡವಾಳ, ಜೋಪಾನ. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ ಎನ್ನುತ್ತಾರೆ ತಜ್ಞರು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಸಮಯ ಅರ್ಧವಾಗುತ್ತದೆ.

ಚೆನ್ನಾಗಿ ಆದ ದಿನ ಯಾರೂ ನಮ್ಮನ್ನು ಗಮನಿಸುವುದಿಲ್ಲ. 1921ರ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗ್‌ನ ಕ್ಯಾಲ್ವರಿ ಚರ್ಚಿನಿಂದ ಕೆಡಿಕೆಎ ರೇಡಿಯೊ ಪ್ರಾರ್ಥನೆಯನ್ನು ಬಿತ್ತರಿಸಿತು. ಚರ್ಚಿನ ಪ್ರಾರ್ಥನೆ ರೇಡಿಯೊದಲ್ಲಿ ನೇರ ಪ್ರಸಾರವಾದದ್ದು ಅದೇ ಮೊದಲು ಎನ್ನುತ್ತಾರೆ. ಜನರ ಗಮನ ತಪ್ಪಬಾರದೆಂದು ಅಲ್ಲಿದ್ದ ಇಬ್ಬರು ತಂತ್ರಜ್ಞರಿಗೆ ಕ್ವಾಯರಿನ ನಿಲುವಂಗಿ ತೊಡಿಸಿದ್ದರಂತೆ. ಒಬ್ಬರು ಕ್ಯಾಥೊಲಿಕ್, ಇನ್ನೊಬ್ಬರು ಯಹೂದಿ. ಚರ್ಚು ಇಬ್ಬರದ್ದೂ ಅಲ್ಲ. ನೂರು ವರ್ಷದ ಮೇಲೂ ನಮ್ಮ ಕೆಲಸ ಅದೇ. ಮೂಲೆಯಲ್ಲಿ ಕೂತು, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವುದು.

ಎಲ್ಲ ಮುಗಿದ ಮೇಲೆ ಅದೇ ಹತ್ತು ಜನರನ್ನು ಅದೇ ಕುರ್ಚಿಗಳಲ್ಲಿ ಕೂರಿಸಿ, ಹೊಸ 20 ಪದ ಓದಿಸಿದೆ. ಸರಾಸರಿ 11 ಇದ್ದದ್ದು 17 ಆಯಿತು. "ಜನರ ದುಡ್ಡು" ಅಂದಿದ್ದ ಹಿರಿಯರಿಗೆ 18. ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡರು, ಏನೂ ಹೇಳಲಿಲ್ಲ. ಮುಂದಿನ ವಾರ ಬಂದು ಒಂದು ಫಲಕದ ಸಡಿಲ ಮೊಳೆ ತಾವೇ ಬಿಗಿ ಮಾಡಿದರು.

ಅಜ್ಜಿಗೆ 13 ಬಂತು. ಅವಳ ಕಿವಿಯ ಪಾಲು ಅವಳ ಕಿವಿಯದೇ, ಗೋಡೆ ಸರಿಮಾಡಿದರೆ ಅದು ಸರಿಹೋಗುವುದಿಲ್ಲ. ಅದಕ್ಕೆ ಕೊನೆಯ ಸಾಲಿಗೆ ಒಂದು ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಎಳೆದು, ಮೂವರು ಹಿರಿಯರಿಗೆ ಹೆಡ್‌ಫೋನ್ ಕೊಟ್ಟಿದ್ದೇವೆ. ಆರಾಕಾಸ್ಟ್ ಎಂಬ ಹೊಸ ಬ್ಲೂಟೂತ್ ವಿಧಾನ ಬಂದಿದೆ. ಅದನ್ನು ಹಿಡಿಯುವ ಶ್ರವಣ ಸಾಧನ ಇದ್ದವರಿಗೆ ಹಾಲಿನ ಧ್ವನಿ ತಂತಿಯಿಲ್ಲದೆ ನೇರ ಕಿವಿಗೇ ಬರುತ್ತದೆ. ಅದು ನಮ್ಮ ಕೈಗೆಟುಕುವವರೆಗೆ ಈ ತಂತಿಯೇ ಸಾಕು.

ಹೆಡ್‌ಫೋನ್ ಹಾಕಿದ ಮೊದಲ ಭಾನುವಾರ ಮನೆಗೆ ನಡೆಯುತ್ತಾ ಅಜ್ಜಿ ಇಡೀ ಪ್ರಸಂಗವನ್ನು ಅಮ್ಮನಿಗೆ ಒಪ್ಪಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಯ್ಯನೋರು ಹೇಳಿದ್ದನ್ನೇ ಎರಡೆರಡು ಸಲ ಹೇಳ್ತಾರೆ ಕಣವ್ವ, ಇಷ್ಟು ದಿನ ಗೊತ್ತೇ ಆಗಿರ್ನಿಲ್ಲ" ಅಂದಳು.

ಅಮ್ಮ ನಕ್ಕಳು. ನಾನೂ ನಕ್ಕೆ.